ನೀರು ಏರಿತು, ಗೇಟು ಏರಿಸಿದರು

ಹಾಸನದಲ್ಲಿ ಸಂಜೆ ಹೊತ್ತು ಪಿಯುಸಿ ಮಕ್ಕಳಿಗೆ ಇಂಗ್ಲಿಷ್ ಟ್ಯೂಷನ್ ಮಾಡುತ್ತೇನೆ. ರೈಜ್, ರೇಜ್ ಈ ಎರಡು ಕ್ರಿಯಾಪದಗಳ ಗೊಂದಲ ಪ್ರತಿ ಬ್ಯಾಚಿನಲ್ಲೂ ಇದ್ದದ್ದೇ. ನಿಘಂಟು ತೆಗೆದರೆ ಎರಡರಲ್ಲೂ ಮೇಲೆ ಹೋಗುವ ಅರ್ಥ ಕಾಣುತ್ತದೆ, ಮಕ್ಕಳು ತೋಚಿದ್ದನ್ನು ಬರೆದುಬಿಡುತ್ತಾರೆ. ಅದಕ್ಕೇ ಅರ್ಥ ಬಿಡಿಸುವುದನ್ನು ಬಿಟ್ಟು ನಮ್ಮ 'ಇಸು' ಪ್ರತ್ಯಯವನ್ನೇ ಹಿಡಿದುಕೊಂಡೆ: ತಾನಾಗಿ 'ಏರು'ವುದು ರೈಜ್, ಇನ್ನೊಂದನ್ನು 'ಏರಿಸು'ವುದು ರೇಜ್.

ಮಳೆಗಾಲ ಬಂತೆಂದರೆ ನಮ್ಮ ಕಡೆ ಹೇಮಾವತಿ ನದಿಯ ಗೊರೂರು ಡ್ಯಾಮಿನದೇ ಮಾತು. ತುಂಬಿದರೆ ನೀರಿನ ಮಟ್ಟ ಸಮುದ್ರಮಟ್ಟದಿಂದ 2922 ಅಡಿ. ಇವತ್ತು ಎಷ್ಟಾಯ್ತು, ಗೇಟು ಯಾವಾಗ ತೆಗೀತಾರೆ ಅಂತ ಮಕ್ಕಳಿಗೂ ಕುತೂಹಲ. ಆ ಸುದ್ದಿಯನ್ನೇ ಬೋರ್ಡಿನ ಮೇಲೆ ಬರೆಯುತ್ತೇನೆ. ಮೂಡಿಗೆರೆ, ಸಕಲೇಶಪುರದ ಕಡೆ ಮಳೆ ಹೊಡೆಯಿತು, ಹೇಮಾವತಿಯ ನೀರು ಏರಿತು. ಇದು ರೈಜ್, ಭೂತಕಾಲದಲ್ಲಿ ರೋಜ್. ಅಣೆಕಟ್ಟೆಯವರು ಗೇಟು ಏರಿಸಿದರು. ಇದು ರೇಜ್, ಭೂತಕಾಲದಲ್ಲಿ ರೇಜ್ಡ್. 'ಏನನ್ನು ಏರಿಸಿದರು?' ಎಂದು ಕೇಳಿದರೆ 'ಗೇಟನ್ನು' ಎಂಬ ಉತ್ತರ ಸಿಗುತ್ತದೆ. 'ನೀರು ಏನನ್ನು ಏರಿತು?' ಎಂದು ಯಾರೂ ಕೇಳುವುದಿಲ್ಲ.

ಒಮ್ಮೆ ಒಬ್ಬ ಹುಡುಗಿ ಪತ್ರಿಕೆಯಲ್ಲಿ ಕಂಡ 'ದಿ ಗೇಟ್ಸ್ ವರ್ ರೇಜ್ಡ್' ಎಂಬ ವಾಕ್ಯ ಹಿಡಿದು ಬಂದಳು. "ಮಿಸ್, ಇಲ್ಲಿ ಕ್ರಿಯಾಪದದ ಮುಂದೆ ಏನೂ ಇಲ್ವಲ್ಲ, ಏನನ್ನು ಅಂತ ಹೇಗೆ ಕೇಳೋದು?" ತುಂಬಾ ಒಳ್ಳೆಯ ಪ್ರಶ್ನೆ. ಕನ್ನಡದಲ್ಲಿ ಹೇಳಮ್ಮ ಅಂದೆ. "ಗೇಟುಗಳನ್ನು ಏರಿಸಲಾಯಿತು" ಅಂದಳು. ಯಾರು ಏರಿಸಿದರೆಂದು ವಾಕ್ಯ ಹೇಳದಿದ್ದರೂ 'ಇಸು' ಅಲ್ಲೇ ಕೂತಿದೆ. ಕರ್ಮಣಿ ಪ್ರಯೋಗದಲ್ಲಿ 'ಏನನ್ನು' ಎಂಬ ಪ್ರಶ್ನೆಗಿಂತ 'ಇಸು'ವೇ ಗಟ್ಟಿ ಎಂದು ಆವತ್ತಿನಿಂದ ಅದನ್ನೇ ಮೊದಲು ಕಲಿಸುತ್ತೇನೆ.

'ಏರಿಸು' ಹೊಂದದ ಕಡೆ 'ಎತ್ತು' ನೆರವಿಗೆ ಬರುತ್ತದೆ. ಗಣಪತಿಗೆ ಚಂದಾ ಎತ್ತುತ್ತೇವೆ, ಗ್ರಾಮಸಭೆಯಲ್ಲಿ ಪ್ರಶ್ನೆ ಎತ್ತುತ್ತೇವೆ, ಅನ್ಯಾಯ ಕಂಡರೆ ದನಿ ಎತ್ತುತ್ತೇವೆ. ಎಲ್ಲಕ್ಕೂ ರೇಜ್. ಪ್ರಶ್ನೆ ತಾನಾಗಿ ಎದ್ದರೆ ಮಾತ್ರ ಅರೈಜ್. ಮಕ್ಕಳನ್ನು ಸಾಕಿ ಬೆಳೆಸುವುದಕ್ಕೂ ರೇಜ್ ಎನ್ನುತ್ತಾರೆ, 'ಬೆಳೆಸು' ಎಂದರೆ ಇಲ್ಲೂ 'ಇಸು' ಸಿಕ್ಕಿತು. ಸಂಬಳದ ಹೆಚ್ಚಳಕ್ಕೆ ಬ್ರಿಟಿಷರು ರೈಜ್, ಅಮೆರಿಕದವರು ರೇಜ್ ಎನ್ನುತ್ತಾರೆ. ಅದು ನಾಮಪದ, ಅದನ್ನು ಬೇರೆಯಾಗಿಯೇ ನೆನಪಿಡಬೇಕು.

ಇದೇ ದಾರಿಯಲ್ಲಿ ಫಾಲ್, ಫೆಲ್ ಜೋಡಿಯೂ ಸಲೀಸು. ತೋಟದ ಮನೆಯಿಂದ ಬರುವ ಮಕ್ಕಳಿಗೆ ಸಿಲ್ವರ್ ಓಕ್ ಮರವೇ ಉದಾಹರಣೆ. ಗಾಳಿಗೆ ತಾನಾಗಿ ಬಿದ್ದರೆ ಅದು ಫಾಲ್, ಭೂತಕಾಲದಲ್ಲಿ ಫೆಲ್. ಆಳುಗಳು ಕಡಿದು ಬೀಳಿಸಿದರೆ ಅದು ಫೆಲ್, ಭೂತಕಾಲದಲ್ಲಿ ಫೆಲ್ಡ್. ಲೈ, ಲೇ ಜೋಡಿಯನ್ನು ಮಾತ್ರ ಇವುಗಳ ಜೊತೆ ಬೆರೆಸುವುದಿಲ್ಲ. ಫೆಲ್‌ನ ಹಾಗೆ ಇಲ್ಲೂ ತಾನೇ ಮಲಗುವ ಲೈ ಭೂತಕಾಲದಲ್ಲಿ ಲೇ ಆಗಿ, ಮಲಗಿಸುವ ಲೇ ಜೊತೆ ಕಲಸಿಹೋಗುತ್ತದೆ, ಮಕ್ಕಳಿಗೆ ಇದರ ಗೊಂದಲ ಇನ್ನೂ ಹೆಚ್ಚು. ಉಳಿದವು ಕೈಗೆ ಹತ್ತಿದ ಮೇಲೆ, ಕ್ರಿಯಾಪದದ ಮೂರು ರೂಪಗಳನ್ನೂ ಬಾಯಿಪಾಠ ಮಾಡಿಸಿಯೇ ಅದನ್ನು ಶುರುಮಾಡುತ್ತೇನೆ.