ಮಲ್ಲೇಶ್ವರದ ಹಳೇ ಸೈಟು, ಸೊಟ್ಟ ಗೆರೆಯ ಪಾಲು

"ನೇರಕ್ಕೆ ಒಂದು ಗೆರೆ ಎಳೆದು ಮುಗಿಸಪ್ಪ" ಅಂತ ಎಲ್ಲರೂ ಹೇಳಿದರು. ವಕೀಲರು, ಮೇಸ್ತ್ರಿ, ನಮ್ಮ ಭಾವ, ಎಲ್ಲರೂ. ನಾನು ಸೊಟ್ಟ ಗೆರೆ ಎಳೆದೆ. ಈಗ ಎರಡು ಖಾತಾ ಆಗಿದೆ, ಎರಡು ಪ್ಲಾನ್ ಪಾಸಾಗಿದೆ, ಎರಡು ಮನೆ ಎದ್ದು ನಿಂತಿವೆ. ಅದಕ್ಕೇ ಬರೀತಿದ್ದೇನೆ.

ತಾತನ ಕಾಲದ 40x110 ಸೈಟು. ಪಾಲು ನನಗೂ ಅಣ್ಣನಿಗೂ. ಅಕ್ಕ ದುಡ್ಡು ತಗೊಂಡು ಹಕ್ಕು ಬಿಡುಗಡೆ ಪತ್ರ ಬರೆದುಕೊಟ್ಟಳು.

ಮೊದಲು ಮಾಡಿದ ತಪ್ಪು, ಮುಂದೆ ಒಂದು ಪಾಲು ಹಿಂದೆ ಒಂದು ಪಾಲು ಅಂತ ಹೊರಟಿದ್ದು. ಹಿಂದುಗಡೆ ಕನ್ಸರ್ವೆನ್ಸಿ ಗಲ್ಲಿ ಇದೆಯಲ್ಲ, ಹಿಂದಿನ ಮನೆಗೆ ಅದೇ ದಾರಿ ಅಂದುಕೊಂಡೆ. ಮಲ ಹೊರುತ್ತಿದ್ದ ಕಾಲಕ್ಕೆ ಬಿಟ್ಟ ಗಲ್ಲಿ ಅದು, ನಮ್ಮ ಹಿಂದೆ 10 ಅಡಿ ಇದ್ದರೆ ಹೆಚ್ಚು. ಅದನ್ನು ರಸ್ತೆ ಅಂತ ಯಾರೂ ಒಪ್ಪಲಿಲ್ಲ. ನಕ್ಷೆಗೆ ಕೊಟ್ಟ 12 ಸಾವಿರ ನೀರಿಗೆ ಹೋಯಿತು. ಆಮೇಲೆ ಮುಂದಿನ ಪಾಲಿನ ಪಕ್ಕದಲ್ಲಿ 5 ಅಡಿ ಓಣಿ ಬಿಡೋಣ ಅಂತ ಲೆಕ್ಕ ಹಾಕಿದೆ. 275 ಚದರಡಿ ಸುಮ್ನೆ ಓಡಾಡೋಕೆ! ಮಲ್ಲೇಶ್ವರದ ರೇಟಿನಲ್ಲಿ ಅದು ಹೊಟ್ಟೆ ಉರಿಯುವ ಮಾತು.

ಉಳಿದದ್ದು ಉದ್ದಕ್ಕೆ ಸೀಳುವುದು. ಎರಡು ಕಡೆ ಜಾಗ ಬಿಟ್ಟರೆ 20 ಅಡಿಯಲ್ಲಿ ಕಟ್ಟೋಕೆ ಸಿಗೋದು 14. ಮೆಟ್ಟಿಲು, ಗೋಡೆ ಕಳೆದರೆ ರೂಮಿಗೆ 10 ಚಿಲ್ಲರೆ. "ರೈಲು ಡಬ್ಬಿ ಕಟ್ಟುತ್ತೀಯಾ?" ಅಂದ ಅಣ್ಣ. ಅವನು ಹೇಳಿದ್ದು ಸರಿಯೇ. ಅದಕ್ಕೇ ಗೆರೆಯನ್ನು ನಡುವೆ ಮುರಿದೆ. ಮುಂದಿನ ಅರ್ಧದಲ್ಲಿ ಅಣ್ಣನಿಗೆ 18 ಅಡಿ, ನನಗೆ 22. ಹಿಂದಿನ ಅರ್ಧದಲ್ಲಿ ಅವನಿಗೆ 22, ನನಗೆ 18. ನನಗೆ ಕಾರು ಮುಂದೆ ಬೇಕಿತ್ತು, ಅತ್ತಿಗೆಗೆ ದೊಡ್ಡ ಅಡುಗೆಮನೆ ಹಿಂದೆ. ಮೆಟ್ಟಿಲನ್ನು ಅಗಲ ಇರುವ ಕಡೆ ಇಟ್ಟರೆ ಕಿರಿದಾದ ಕಡೆ ಇಡೀ ಅಗಲಕ್ಕೆ ಒಂದೇ ರೂಮು ಸಿಗುತ್ತದೆ. ಭಾವ ವಾಸ್ತು ಅಂತ ಶುರು ಮಾಡಿದರು. ಕಾಫಿ ಕೊಟ್ಟು ಕಳಿಸಿದೆ.

ಅಳತೆಗೆ ಇಳಿದಾಗ ತಲೆಬಿಸಿ ಶುರುವಾಯಿತು. ಬೆಳಿಗ್ಗೆ ಆರಕ್ಕೆ ನಾನೂ ಮೇಸ್ತ್ರಿಯೂ ಗೂಟ ಹೊಡೆದು, ದಾರ ಕಟ್ಟಿ, 3-4-5 ಅಡಿಯ ತ್ರಿಕೋನ ಹಾಕಿ ಮೂಲೆಮಟ್ಟ ನೋಡಿದರೆ ಹಿಂದಿನ ಮೂಲೆ ಕೂಡುತ್ತಲೇ ಇಲ್ಲ. ಮುಂದೆ 40 ಅಡಿ, ಹಿಂದೆ 38 ಅಡಿ 9 ಇಂಚು. ನನ್ನ ಕಡೆಯ ಪಕ್ಕದ ಮನೆ ಕಾಂಪೌಂಡು ಯಾವ ಕಾಲದಲ್ಲೋ ಒಳಗೆ ವಾಲಿಕೊಂಡಿದೆ. ಕ್ರಯಪತ್ರದಲ್ಲಿ 4,400 ಚದರಡಿ, ನೆಲದ ಮೇಲೆ ಹೆಚ್ಚು ಕಡಿಮೆ 4,330. ಸರ್ವೇಯರ್‌ಗೆ 8 ಸಾವಿರ ಕೊಟ್ಟು ಟೋಟಲ್ ಸ್ಟೇಷನ್ ಅನ್ನುವ ಅಳತೆ ಯಂತ್ರ ಹಾಕಿಸಿದೆ, ಅದೇ ಲೆಕ್ಕ ಬಂತು. ಪಕ್ಕದವರ ಜೊತೆ ಕೋರ್ಟಿಗೆ ಹೋದರೆ ಮೊಮ್ಮಕ್ಕಳ ಕಾಲಕ್ಕೆ ಮನೆ ಆಗುತ್ತೆ, ಅಲ್ವಾ? ನನ್ನ ಕಡೆ ಕಡಿಮೆಯಾದದ್ದನ್ನು ಸರಿದೂಗಿಸಲು ಗೆರೆ ಮುರಿಯುವ ಜಾಗವನ್ನು ಮುಂದಿನಿಂದ 55 ಅಡಿಯಲ್ಲಿದ್ದದ್ದನ್ನು 63 ಅಡಿ 7 ಇಂಚಿಗೆ ತಳ್ಳಿದೆ. ಇಬ್ಬರಿಗೂ 2,165 ಚದರಡಿ ಸರಿಯಾಗಿ ಬಂತು.

ಆದರೆ ಹಾಗೆ ತಳ್ಳಿದಾಗ ಗೆರೆ ಹಳೇ ಬಾವಿಯ ನಟ್ಟನಡುವೆ ಹಾದುಹೋಯಿತು. ಸುಣ್ಣದ ಗೆರೆ ಬಾವಿಕಟ್ಟೆ ಹತ್ತಿ, ಆ ಕಡೆ ಇಳಿದು ಮುಂದೆ ಹೋಗಿದ್ದನ್ನು ನೋಡಿ ಮೇಸ್ತ್ರಿ ನಕ್ಕುಬಿಟ್ಟ. ವಿಭಾಗ ಪತ್ರದಲ್ಲಿ ಬಾವಿಯನ್ನು ಸಿ ಷೆಡ್ಯೂಲ್ ಅಂತ, ಅಂದರೆ ಇಬ್ಬರ ಪಾಲಿನ ಪಟ್ಟಿಯಿಂದ ಬೇರೆಯಾದ ಮೂರನೇ ಪಟ್ಟಿಯಲ್ಲಿ, ಜಂಟಿಯಾಗಿ ಬರೆಸಿದೆವು. ಮುರಿದ ಗೆರೆಗೆ ಚೆಕ್ಕುಬಂದಿ (ನಾಲ್ಕು ದಿಕ್ಕಿನ ಎಲ್ಲೆ) ಬರೆಯುವುದರಲ್ಲಿ ಒಂದು ಉಪಾಯ ಇದೆ, ಅದನ್ನು ಇಲ್ಲಿ ಹೇಳಲ್ಲ, ಎರಡು ಸಲ ಫೈಲು ವಾಪಸ್ ಬಂದ ಮೇಲೆ ಕಲಿತದ್ದು. ಎರಡು ಸಲವೂ ತಪ್ಪು ನನ್ನದೇ: ಒಂದು ಸಲ ಪೂರ್ವ ಪಶ್ಚಿಮ ಅದಲು ಬದಲಾಗಿತ್ತು, ಇನ್ನೊಂದು ಸಲ ನಕ್ಷೆಗೆ ಅಣ್ಣನ ಸಹಿಯೇ ಇರಲಿಲ್ಲ. ಇನ್ನೊಂದು ಮಾತು, ಪತ್ರ ರಿಜಿಸ್ಟರ್ ಆದ ಮಾತ್ರಕ್ಕೆ ಸೈಟು ಒಡೆದ ಹಾಗಲ್ಲ. ಸೈಟು ಒಡೆಯಲು ಯೋಜನಾ ಪ್ರಾಧಿಕಾರದ ಒಪ್ಪಿಗೆ ಬೇಕು ಅನ್ನುವ, 1961ರ ಯೋಜನಾ ಕಾಯ್ದೆಯ 17ನೇ ಕಲಂ ಮರೆತು ಪ್ಲಾನ್ ಹೊತ್ತಿಗೆ ಒದ್ದಾಡಿದವರನ್ನು ಕಂಡಿದ್ದೇನೆ.

ದುಡ್ಡಿನ ವಿಷಯ. ನಾವು ಮಾಡಿಸಿದ್ದು 2018ರಲ್ಲಿ. ಆಗ ಪಾಲೊಂದಕ್ಕೆ ಮುದ್ರಾಂಕ 1,000, ನೋಂದಣಿ 500. ಈಗ ಮುದ್ರಾಂಕವೇ 5,000. ವಕೀಲರಿಗೆ 25 ಸಾವಿರ. ಓಡಾಟ, ಜೆರಾಕ್ಸು, ಖಾತಾ ಎಲ್ಲ ಸೇರಿ ಲಕ್ಷದ ಹತ್ತಿರ. ಹಳೇ ಮನೆ ಒಡೆಯುವವನು ಎಲ್ಲ ಸಾಮಾನಿಗೂ ಸೇರಿ 90 ಸಾವಿರ ಕೊಡುತ್ತೇನೆ ಅಂದ. ತೇಗದ ಬಾಗಿಲು, ಕಿಟಕಿ, ಮಂಕಿಟಾಪ್ (ಕಿಟಕಿಯ ಮೇಲಿನ ಚೂಪು ಮರದ ಮಾಡು) ಹಲಗೆಗಳನ್ನು ನಾನೇ ಬಿಚ್ಚಿಸಿ ಬೇರೆ ಮಾರಿದೆ. ಸುಮಾರು 2 ಲಕ್ಷ 10 ಸಾವಿರ ಬಂತು, ಪಾಲಿನ ಖರ್ಚೆಲ್ಲ ಅದರಲ್ಲೇ ಕಳೆಯಿತು. ಮಂಗಳೂರು ಹೆಂಚು ಮಾತ್ರ ಯಾರೂ ಕೇಳಲಿಲ್ಲ, ಇನ್ನೂ ಟೆರೇಸಿನ ಮೇಲೆ ಬಿದ್ದಿವೆ.

ಬಾವಿ ಒಣಗಿ ಇಪ್ಪತ್ತು ವರ್ಷ ಆಗಿತ್ತು. ಮಳೆನೀರು ಕೊಯ್ಲು ಹೇಗೂ ಮಾಡಲೇಬೇಕಲ್ಲ, ಬೇರೆ ಗುಂಡಿ ತೋಡುವ ಬದಲು ಎರಡೂ ಟೆರೇಸಿನ ನೀರನ್ನು ಜಲ್ಲಿ ಮರಳಿನ ತೊಟ್ಟಿ ದಾಟಿಸಿ ಇದಕ್ಕೇ ಬಿಟ್ಟೆ. ಮೊದಲ ವರ್ಷ ಕೆಸರು. ಮೂರನೇ ಮಳೆಗಾಲಕ್ಕೆ 9 ಅಡಿ ನೀರು ನಿಂತಿತು. ಕಾಂಪೌಂಡು ಗೋಡೆ ಬಾವಿಯ ಈ ಕಡೆ ನಿಂತು ಆ ಕಡೆ ಮತ್ತೆ ಶುರುವಾಗುತ್ತದೆ. ಪಂಪು ಅಣ್ಣನ ಮೀಟರಿನಲ್ಲಿದೆ. ತಿಂಗಳಿಗೆ 200 ರೂಪಾಯಿ ಅತ್ತಿಗೆ ಕೈಗೆ ಕೊಡುತ್ತೇನೆ, ಕಾಸಿನ ಲೆಕ್ಕ ಎರಡು ಮನೆಯ ನಡುವೆ ಉಳಿದಿರುವುದು ಅಷ್ಟೇ.