ಕಲ್ಲಿನಲ್ಲಿ ಬ್ರಹ್ಮನನ್ನು ಗುರುತಿಸುವ ಬಗೆ

ದೇಗುಲದ ಗೋಡೆಯಲ್ಲಿ ಬ್ರಹ್ಮನನ್ನು ಹುಡುಕುವವರು ತಲೆ ಎಣಿಸುವುದರಿಂದ ಆರಂಭಿಸಬಾರದು. ಉಬ್ಬುಶಿಲ್ಪದಲ್ಲಿ ಕಾಣುವುದು ಮೂರೇ ಮುಖ. ನಾಲ್ಕನೆಯದು ಹಿಂದಕ್ಕೆ ಇದೆಯೆಂದು ನಾವೇ ಭಾವಿಸಿಕೊಳ್ಳಬೇಕು.

ಮೊದಲು ಕೈಗಳನ್ನು ನೋಡಿ. ಜಪಮಾಲೆ, ಕಮಂಡಲು, ಪುಸ್ತಕ, ಹೋಮಕ್ಕೆ ತುಪ್ಪ ಹೊಯ್ಯುವ ಸ್ರುಕ್ಕು, ಇವುಗಳಲ್ಲಿ ಕೆಲವಿದ್ದು ಆಯುಧ ಯಾವುದೂ ಇಲ್ಲದಿದ್ದರೆ ಆತ ಬ್ರಹ್ಮನೆಂದು ಬಹುಮಟ್ಟಿಗೆ ನಂಬಬಹುದು. ಮೂರು ಮುಖವಿದ್ದೂ ಶಂಖ, ಚಕ್ರ, ತ್ರಿಶೂಲಗಳಿದ್ದರೆ ದತ್ತಾತ್ರೇಯನಿರಬಹುದು. ಶಕ್ತ್ಯಾಯುಧವೂ ನವಿಲೂ ಇದ್ದರೆ ಷಣ್ಮುಖ. ಗಡ್ಡವನ್ನು ನೆಚ್ಚಬೇಡಿ, ದಕ್ಷಿಣದ ಅನೇಕ ಬ್ರಹ್ಮರಿಗೆ ಗಡ್ಡವಿಲ್ಲ. ಕಾಲ ಬಳಿ ಹಂಸವಿದೆಯೇ ಎಂದು ನೋಡಿ. 578ರ ಶಾಸನವಿರುವ ಬಾದಾಮಿಯ ಮೂರನೆಯ ಗುಹೆಯಲ್ಲಿ ಹಂಸವಾಹನನಾದ ಬ್ರಹ್ಮ ಚಾವಣಿಯಲ್ಲಿದ್ದಾನೆ, ಕತ್ತೆತ್ತದೆ ಹೋದವರಿಗೆ ಆತ ಸಿಗುವುದಿಲ್ಲ.

ಜಾಗವೂ ಗುರುತು ಹೇಳುತ್ತದೆ. ಚೋಳರ ಶಿವಾಲಯಗಳಲ್ಲಿ ಗರ್ಭಗುಡಿಯ ಉತ್ತರ ಗೋಡೆಯ ಗೂಡು ಸಾಮಾನ್ಯವಾಗಿ ಬ್ರಹ್ಮನದು. ಶಿವನು ಕೊನೆಯಿಲ್ಲದ ಬೆಂಕಿಯ ಕಂಬವಾಗಿ ತೋರಿದ ಲಿಂಗೋದ್ಭವ ಶಿಲ್ಪದಲ್ಲಿ ಅದರ ತುದಿ ಹುಡುಕುತ್ತ ಮೇಲಕ್ಕೆ ಹಾರುವ ಹಂಸವೇ ಆತ. ಶ್ರವಣಬೆಳಗೊಳದ ಬ್ರಹ್ಮದೇವರ ಕಂಬ ಮಾತ್ರ ಬೇರೆ: ಅಲ್ಲಿಯ ಬ್ರಹ್ಮ ಜೈನರ ಯಕ್ಷ, ಸೃಷ್ಟಿಕರ್ತನಲ್ಲ.

ಬೌದ್ಧ ಶಿಲ್ಪಕ್ಕೆ ಬಂದರೆ ಈ ಲೆಕ್ಕವೆಲ್ಲ ಬದಲಾಗುತ್ತದೆ. ಗಾಂಧಾರದ (ಇಂದಿನ ವಾಯವ್ಯ ಪಾಕಿಸ್ತಾನ, ಪೂರ್ವ ಅಫ್ಘಾನಿಸ್ತಾನದ ಸೀಮೆ) ಫಲಕಗಳಲ್ಲಿ ಬುದ್ಧನ ಎರಡು ಬದಿಗೆ ಕೈಮುಗಿದು ನಿಂತವರಲ್ಲಿ ಮುಂಡಾಸು, ಆಭರಣಗಳನ್ನು ತೊಟ್ಟವನು ಇಂದ್ರ. ತಪಸ್ವಿಯಂತೆ ಕೂದಲನ್ನು ಮೇಲೆತ್ತಿ ಕಟ್ಟಿ, ಒಮ್ಮೊಮ್ಮೆ ಕಮಂಡಲು ಹಿಡಿದವನು ಬ್ರಹ್ಮ. ಮುಖ ಒಂದೇ. ಬೋಧಿ ಪಡೆದ ಬುದ್ಧನು ಉಪದೇಶಿಸಲು ಹಿಂಜರಿದಾಗ ಸಹಂಪತಿ ಬ್ರಹ್ಮನು ಬಂದು ಬೇಡಿಕೊಂಡನೆಂಬ ಕಥೆ ಅದರ ಹಿಂದಿದೆ. ಆತನನ್ನು ಸೃಷ್ಟಿಕರ್ತನೆಂದು ಬೌದ್ಧರು ಒಪ್ಪುವುದಿಲ್ಲ. ಲೋಕ ಮತ್ತೆ ವಿಕಾಸಗೊಳ್ಳುವಾಗ ಬರಿದಾದ ಬ್ರಹ್ಮವಿಮಾನದಲ್ಲಿ, ಅಂದರೆ ಬ್ರಹ್ಮಲೋಕದ ಅರಮನೆಯಲ್ಲಿ, ಮೊದಲು ಹುಟ್ಟಿದವನು ಒಂಟಿತನದಿಂದ ಜೊತೆ ಬಯಸಿದಾಗ, ಪುಣ್ಯ ಮುಗಿದ ಇತರರು ತಾವಾಗಿ ಅಲ್ಲಿ ಹುಟ್ಟಿದರು. ಅವರನ್ನು ತಾನೇ ಸೃಷ್ಟಿಸಿದೆನೆಂದು ಅವನು ತಿಳಿದುಕೊಂಡನು, ಅವರೂ ಹಾಗೆಯೇ ನಂಬಿದರು ಎಂದು ಬುದ್ಧನ ಉಪದೇಶಗಳಲ್ಲೊಂದಾದ ಬ್ರಹ್ಮಜಾಲ ಸುತ್ತ (ಸೂತ್ರ) ವಿವರಿಸುತ್ತದೆ. ಈ ಕಥೆಯನ್ನು ನೆನಪಿಟ್ಟುಕೊಂಡು ನೋಡಿದರೆ ಆ ಮುಗಿದ ಕೈಗಳ ಅರ್ಥ ತಿಳಿಯುತ್ತದೆ.

ಆದರೂ ನಾಲ್ಕು ಮುಖಗಳು ಬೌದ್ಧರಲ್ಲಿ ಪೂರ್ತಿ ಮರೆಯಾಗಲಿಲ್ಲ. ಕ್ಯೋಟೋದ ತೋಜಿ ದೇವಾಲಯದಲ್ಲಿರುವ ಒಂಬತ್ತನೆಯ ಶತಮಾನದ ಮರದ ಬ್ರಹ್ಮ ಹಂಸಗಳು ಹೊತ್ತ ಪೀಠದ ಮೇಲೆ ಚತುರ್ಮುಖನಾಗಿಯೇ ಕುಳಿತಿದ್ದಾನೆ. ಬ್ಯಾಂಕಾಕ್‌ನಲ್ಲಿ 1956ರಲ್ಲಿ ಸ್ಥಾಪಿತವಾದ ಎರವಾನ್ ಗುಡಿಯ ಮೂರ್ತಿಗಂತೂ ಹಿಂದೆ ಗೋಡೆಯಿಲ್ಲ. ಭಕ್ತರು ಸುತ್ತು ಬರುತ್ತ ನಾಲ್ಕು ಮುಖಗಳ ಮುಂದೆಯೂ ಕೈಮುಗಿಯುತ್ತಾರೆ.