ನಡುವೆ ಕೂತವರ ಮೂಲಕ ಆಡಿದ ಮಾತು

ನಾನು ಬರೆದು ನಿರ್ದೇಶಿಸಿದ ಮೊದಲ ಕಥಾಚಿತ್ರವು ತಾಯಿ ಮತ್ತು ಮಗಳ ನಡುವಿನ ಮುನಿಸನ್ನು ಕುರಿತದ್ದು. ತೀರ್ಥಹಳ್ಳಿ ಸೀಮೆಯ ಒಂದು ತೋಟದ ಮನೆ. ತಂದೆ ತೀರಿಕೊಂಡು ವರ್ಷವಾಗಿದೆ. ತೀರಿಕೊಂಡವರ ಜಮೀನಿನ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಯ ಕೆಲಸ ಬಾಕಿಯಿದೆ. ತೋಟವೆಲ್ಲ ಮಗನ ಹೆಸರಿಗೇ ಬರಬೇಕಾದರೆ ಬೆಂಗಳೂರಿನಲ್ಲಿರುವ ಮಗಳು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಬೇಕು. ಆ ಪತ್ರವನ್ನು ತಾಯಿ ಒಂದು ಮಾತೂ ಆಡದೆ ಅಂಚೆಯಲ್ಲಿ ಕಳಿಸಿದ್ದಾಳೆ. ಮಗಳು ಸಹಿ ಹಾಕದ ಕಾಗದವನ್ನು ಹಿಡಿದುಕೊಂಡು ಅಡಿಕೆ ಕೊಯ್ಲಿನ ಹೊತ್ತಿಗೆ ಊರಿಗೆ ಬರುತ್ತಾಳೆ.

ಮೊದಲ ಕರಡಿನಲ್ಲಿ ಇವರಿಬ್ಬರೂ ರಾತ್ರಿ ಅಡಿಗೆಮನೆಯಲ್ಲಿ ಎದುರುಬದುರು ಕೂತು ಹನ್ನೊಂದು ಪುಟ ಮಾತನಾಡುತ್ತಿದ್ದರು. ಆ ದೃಶ್ಯವನ್ನು ಬರೆಯುವಾಗ ನನ್ನ ತಲೆಯಲ್ಲಿ ಇದ್ದದ್ದು ಇಂಗ್ಮಾರ್ ಬರ್ಗ್‌ಮನ್ 1978ರಲ್ಲಿ ತೆಗೆದ 'ಆಟಮ್ ಸೊನಾಟಾ'. ಅದರಲ್ಲಿ ಪಿಯಾನೋ ವಾದಕಿಯಾದ ತಾಯಿಯೂ ಮಗಳೂ ರಾತ್ರಿಯೆಲ್ಲ ಎದ್ದು ಕೂತು, ಬಾಲ್ಯದಿಂದ ಒಳಗಿಟ್ಟುಕೊಂಡಿದ್ದ ನೋವನ್ನೆಲ್ಲ ಮುಖಕ್ಕೆ ಮುಖ ಕೊಟ್ಟು ಹೇಳಿಕೊಳ್ಳುತ್ತಾರೆ. ಅಲ್ಲಿ ಅದು ಎದೆ ನಡುಗಿಸುವಷ್ಟು ನಿಜವಾಗಿದೆ. ಆದರೆ ಅದೇ ಕ್ರಮವನ್ನು ನಮ್ಮ ಮಲೆನಾಡಿನ ಅಡಿಗೆಮನೆಗೆ ತಂದಾಗ ಮಾತುಗಳು ಒಣಗಿಹೋದವು. ಹಾಗೇಕಾಯಿತೆಂದು ತಿಳಿಸಿಕೊಟ್ಟವರು ತಾಯಿಯ ಪಾತ್ರ ಮಾಡುತ್ತಿದ್ದ ಹಿರಿಯ ರಂಗನಟಿ. ತಾಲೀಮಿನ ಮೂರನೆಯ ಪುಟಕ್ಕೆ ಹಾಳೆಯನ್ನು ಮಡಿಲಲ್ಲಿಟ್ಟುಕೊಂಡು, "ನಮ್ಮಮ್ಮಂಗೆ ನನ್ನ ಮೇಲೆ ಸಿಟ್ಟು ಬಂದ್ರೆ ನನ್ನ ಹತ್ರ ಮಾತಾಡ್ತಿರ್ಲಿಲ್ಲ ಕಣಮ್ಮ, ಬೆಕ್ಕಿನ ಹತ್ರ ಮಾತಾಡ್ತಿದ್ರು" ಎಂದರು.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ನಾನು ಮನೆಯವರ ಮಾತು ಮೀರಿ ಊರು ಬಿಟ್ಟ ವರ್ಷ, ನನ್ನ ತಾಯಿ ಎರಡು ತಿಂಗಳು ನನ್ನೊಂದಿಗೆ ತಮ್ಮನ ಮೂಲಕವೇ ಮಾತನಾಡಿದ್ದು ನೆನಪಾಯಿತು. ನಾನು ಅದೇ ಜಗಲಿಯಲ್ಲಿ ಚಪ್ಪಲಿ ಮೆಟ್ಟುತ್ತಿರುವಾಗ, "ಬಸ್ಸಿಗೆ ಹೊತ್ತಾಯ್ತೇನೋ, ಅವಳ್ನ ಕೇಳು" ಎಂದು ಅವನಿಗೆ ಹೇಳುತ್ತಿದ್ದರು. ನನಗೂ ಎಲ್ಲವೂ ಕೇಳಿಸುತ್ತಿತ್ತು; ಕೇಳಿಸಲಿ ಎಂದೇ ಅವರು ಹೇಳುತ್ತಿದ್ದರು. ನಮ್ಮ ಕಡೆ ಮುನಿಸು ಇರುವುದು ಮೌನದಲ್ಲಿ ಅಲ್ಲ, ಮೂರನೆಯವರಿಗೆ ಹೇಳಿದಂತೆ ಮಾಡಿ ಇವರಿಗೆ ತಾಗಿಸುವ ಮಾತಿನಲ್ಲಿ. ಹನ್ನೊಂದು ಪುಟಗಳನ್ನೂ ತೆಗೆದುಹಾಕಿ, ಜಗಳವನ್ನು ಅಡಿಗೆಮನೆಯಿಂದ ಅಡಿಕೆ ಸುಲಿತದ ಜಗಲಿಗೆ ತಂದೆ. ಅಲ್ಲಿ ತಾಯಿ ಮಗಳ ನಡುವೆ ಹತ್ತು ಹೆಂಗಸರು, ಮಣೆಯನ್ನು ಕಾಲಲ್ಲಿ ಮೆಟ್ಟಿ ಅಡಿಕೆ ಸುಲಿಯುವ ಮೆಟ್ಟುಗತ್ತಿಗಳನ್ನು ಮುಂದಿಟ್ಟುಕೊಂಡು ಕೂತಿರುತ್ತಾರೆ.

ಹೊಸ ದೃಶ್ಯದಲ್ಲಿ ನಡುವೆ ಕೂತವಳು ಗಿರಿಜ ಎಂಬ ಪಾತ್ರ, ಆ ಮನೆಗೆ ವರ್ಷಗಳಿಂದ ಸುಲಿತಕ್ಕೆ ಬರುವವಳು. "ಓದಿದವ್ರಿಗೆ ನಾವು ಹೇಳದು ಎಂತ ಇರ್ತದೆ, ಗಿರಿಜಾ" ಎಂದು ತಾಯಿ ಶುರುಮಾಡುತ್ತಾಳೆ. ಮಗಳೂ ಅವಳನ್ನೇ ನೋಡಿ, "ಬಾಯಿಬಿಟ್ಟು ಕೇಳಿದ್ರೆ ಸಾಕಿತ್ತು ಗಿರಿಜಕ್ಕ, ಕಾಗದ ಅಂಚೇಲಿ ಕಳಿಸ್ಬೇಕಿತ್ತಾ?" ಎನ್ನುತ್ತಾಳೆ. ಎರಡು ಕಡೆಯ ಭಾರವನ್ನೂ ಹೊತ್ತ ಗಿರಿಜ ಸ್ವಲ್ಪ ಹೊತ್ತು ಸುಲಿಯುತ್ತಲೇ ಇದ್ದು, "ಡಬ್ಬ ತುಂಬ್ತು ಅಮ್ಮಾ" ಎಂದಷ್ಟೇ ಹೇಳುತ್ತಾಳೆ. ಡಬ್ಬದ ಲೆಕ್ಕದಲ್ಲಿ ಕೂಲಿ ಪಡೆಯುವ ಹೆಂಗಸಿಗೆ ಆ ಹೊತ್ತಿನಲ್ಲಿ ಆಡಲು ಇರುವ ಮಾತು ಅದೊಂದೇ ಎಂದು ನನಗೆ ಈಗಲೂ ಅನಿಸುತ್ತದೆ.

ಕಾನೂನಿನ ವಿಷಯದಲ್ಲಿಯೂ ನಾನು ತಿದ್ದಿಕೊಳ್ಳಬೇಕಾಯಿತು. ಮೊದಲ ಕರಡಿನ ತಾಯಿ "ಕೊಟ್ಟ ಹೆಣ್ಣಿಗೆ ಎಂತ ಹಕ್ಕು" ಎಂದು ಗದರುತ್ತಿದ್ದಳು. ಕರಡನ್ನು ಓದಿದ ಶಿವಮೊಗ್ಗದ ವಕೀಲರೊಬ್ಬರು, ಇಂದು ಯಾವ ತಾಯಿಯೂ ಅಷ್ಟು ನೇರವಾಗಿ ಹಾಗೆ ಹೇಳಲಾರಳು, ಏಕೆಂದರೆ ಹಕ್ಕು ಇದೆಯೆಂದು ಅವಳಿಗೆ ಚೆನ್ನಾಗಿ ಗೊತ್ತು ಎಂದರು. ಕರ್ನಾಟಕವು ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಪಾಲು ಕೊಡುವ ತಿದ್ದುಪಡಿಯನ್ನು 1994ರಲ್ಲಿಯೇ ತಂದಿತ್ತು. ಆದರೆ ಅದಕ್ಕೆ ಮೊದಲೇ ಮದುವೆಯಾದವರು ಹೊರಗುಳಿದಿದ್ದರು. ಆ ಭೇದವನ್ನು 2005ರ ಕೇಂದ್ರದ ತಿದ್ದುಪಡಿ ತೆಗೆಯಿತು. ಆ ತಿದ್ದುಪಡಿ ಜಾರಿಗೆ ಬಂದ ದಿನಕ್ಕೆ ತಂದೆ ಬದುಕಿರಬೇಕೇ ಎಂಬ ಗೊಂದಲವನ್ನು 2020ರಲ್ಲಿ ಸುಪ್ರೀಂ ಕೋರ್ಟ್ ಬಿಡಿಸಿ, ಮಗಳ ಹಕ್ಕು ಹುಟ್ಟಿನಿಂದಲೇ ಬರುವಂಥದ್ದು ಎಂದಿತು. ಸಹಿ ಕೇಳುವುದರಲ್ಲಿಯೇ ಹಕ್ಕನ್ನು ಒಪ್ಪಿಕೊಂಡ ಹಾಗಾಯಿತಲ್ಲ! ಹಾಗಾಗಿ ನನ್ನ ತಾಯಿ ಪಾತ್ರದ ಸಂಕಟವು ಹಕ್ಕನ್ನು ಅಲ್ಲಗಳೆಯುವುದರಲ್ಲಿ ಇಲ್ಲ. ಹಕ್ಕಿದ್ದರೂ ಮಗಳು ಕೇಳಲಾರಳೆಂದು ನಂಬಿದ್ದು, ಆ ನಂಬಿಕೆಯನ್ನು ಬಾಯಿಬಿಟ್ಟು ಹೇಳಲಾರದೆ ಇದ್ದದ್ದರಲ್ಲಿ ಇದೆ. ಈ ತಾಯಿ ತಾನೂ ಒಂದು ಕಾಲದಲ್ಲಿ ತನ್ನ ಅಣ್ಣನಿಗೆ ಇಂಥದ್ದೇ ಸಹಿ ಹಾಕಿ ಬಂದವಳು. ಅದನ್ನು ಅವಳ ಬಾಯಿಂದ ಹೇಳಿಸುವ ಆಸೆ ನನಗೆ ಬಹಳ ಇತ್ತು. ಹೇಳಿಸಿದರೆ ಇಡೀ ಕ್ರಮವೇ ಮುರಿಯುತ್ತದೆಂದು ಕೊನೆಗೆ ಆ ಮಾತನ್ನೂ ಗಿರಿಜಳಿಗೇ ಕೊಟ್ಟೆ. ಬೆಳಗಿನ ಜಾವ ಹಂಡೆಯೊಲೆಯ ಹತ್ತಿರ ಕೈ ಕಾಯಿಸಿಕೊಳ್ಳುತ್ತ ಅವಳು ಅದನ್ನು ಮಗಳಿಗೆ ಹೇಳುತ್ತಾಳೆ.

ಮಲೆನಾಡೆಂದರೆ ಮಳೆ ಬೇಡವೇ ಎಂದು ಹಲವರು ಕೇಳಿದರು. ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುವ ಆಗುಂಬೆ ಅಲ್ಲಿಂದ ದೂರವೇನಲ್ಲ. ಆದರೆ ಮಳೆ ಸುರಿದರೆ ನೋಡುವವರ ದುಃಖವನ್ನು ಮಳೆಯೇ ತಂದುಕೊಡುತ್ತದೆ, ನಟರಿಗೆ ಕೆಲಸ ಉಳಿಯುವುದಿಲ್ಲ. ಹೆಂಚಿನ ಸದ್ದಿನಲ್ಲಿ ಸ್ಥಳದಲ್ಲಿಯೇ ಧ್ವನಿ ಮುದ್ರಿಸಿಕೊಳ್ಳುವುದೂ ಆಗದು. ಡಿಸೆಂಬರಿನಲ್ಲಿಯೇ ಚಿತ್ರೀಕರಿಸಿದೆವು.

ಕಷ್ಟವಾದದ್ದು ಸುಲಿತದ ಸದ್ದು. ಹತ್ತು ಮೆಟ್ಟುಗತ್ತಿಗಳು ಒಟ್ಟಿಗೆ ನಡೆದರೆ, ಸೆರಗಿನೊಳಗೆ ಸಿಕ್ಕಿಸಿದ ಸಣ್ಣ ಮೈಕಿಗೆ ಮಾತಿಗಿಂತ ಕತ್ತಿಯೇ ಹೆಚ್ಚು ಕೇಳಿಸುತ್ತದೆ. ಹಿಂದಿನ ಸಾಲಿನವರು ಸದ್ದಿಲ್ಲದೆ ಕೈ ಆಡಿಸಿದರೆ ಸಾಕೆಂದು ಕೇಳಿಕೊಂಡೆವು. ಕೊಯ್ದ ಹಸಿ ಅಡಿಕೆ ಕಾಯುವುದಿಲ್ಲ, ಒಣಗಿದರೆ ಸುಲಿಯಲು ಬರುವುದಿಲ್ಲ ಎಂದು ಅವರು ಒಪ್ಪಲಿಲ್ಲ, ಅವರು ಹೇಳಿದ್ದೇ ಸರಿ. ಮುಂಜಾವದವರೆಗೆ ನಿಜವಾದ ಸುಲಿತ ನಡೆಯಲು ಬಿಟ್ಟು ಆ ಸದ್ದನ್ನು ಬೇರೆಯಾಗಿ ಮುದ್ರಿಸಿಕೊಂಡೆವು. ಮಾತಿರುವ ಶಾಟುಗಳಿಗೆ ಮಾತ್ರ ಅವರ ಕೈ ನಿಲ್ಲಿಸಿ, ಆ ಹೊತ್ತಿನ ಕೂಲಿಯನ್ನು ಡಬ್ಬದ ಲೆಕ್ಕದಲ್ಲಿಯೇ ಕೊಟ್ಟೆವು.

ಕ್ಯಾಮೆರಾವನ್ನು ಗಿರಿಜಳ ಎದುರಿಗೇ ಇಟ್ಟೆ. ಆಡುವವರಿಬ್ಬರೂ ಚೌಕಟ್ಟಿನ ಎರಡು ಅಂಚಿನಲ್ಲಿ, ಕೇಳುವವಳು ಮಧ್ಯದಲ್ಲಿ. ಬರ್ಗ್‌ಮನ್ನನಿಂದ ನಾನು ಕೊನೆಗೂ ಕಲಿತದ್ದು ಇದೊಂದನ್ನೇ: ತಾಯಿ ಪಿಯಾನೋ ನುಡಿಸುವಾಗ ಅವನು ನಮ್ಮನ್ನು ನೋಡಿಸುವುದು ಆ ತಾಯಿಯ ಮುಖವನ್ನೇ ದಿಟ್ಟಿಸುತ್ತಿರುವ ಮಗಳನ್ನು. ತಾಯಿಯಾದ ನಟಿ ಒಂದು ವಾರ ಮೊದಲೇ ಬಂದು ದಿನವೂ ಸುಲಿಯಲು ಕೂತರು. ಅಡಿಕೆ ಸಿಪ್ಪೆಯ ಕರೆ ಬೆರಳಿಗೆ ಹತ್ತಿ ಕಪ್ಪಾಗದೆ ಹೋದರೆ ಊರಿನವರು ಪಾತ್ರವನ್ನು ನಂಬುವುದಿಲ್ಲ ಎಂಬುದು ಅವರದೇ ಮಾತಾಗಿತ್ತು. ಮಗಳಾದ ನಟಿಗೆ ಮಾತ್ರ ಕತ್ತಿಯನ್ನು ಮುಟ್ಟಬಾರದೆಂದು ಹೇಳಿದ್ದೆ, ಏಕೆಂದರೆ ಕೊನೆಯ ದೃಶ್ಯದಲ್ಲಿ ಅವಳ ಕೈಗೆ ಅದು ಹೊಸದಾಗಿಯೇ ಇರಬೇಕಿತ್ತು.

ಚಿತ್ರದುದ್ದಕ್ಕೂ ತಾಯಿ ಮಗಳಿಗೆ ನೇರವಾಗಿ ಹೇಳುವುದು ಒಂದೇ ಮಾತು. ಕೊನೆಯ ರಾತ್ರಿ ಗಿರಿಜ ಬಂದಿರುವುದಿಲ್ಲ. ಅವಳ ಜಾಗದಲ್ಲಿ ಮಗಳು ಬಂದು ಕೂತು, ಮೆಟ್ಟುಗತ್ತಿಯ ಮಣೆಯ ಮೇಲೆ ಕಾಲಿಟ್ಟು, ಅಡಿಕೆಯನ್ನು ತಪ್ಪುತಪ್ಪಾಗಿ ಹಿಡಿಯುತ್ತಾಳೆ. ತಾಯಿ ತಲೆ ಎತ್ತದೆ, "ಪುಟ್ಟಿ, ಬೆರಳು ಜೋಕೆ" ಎನ್ನುತ್ತಾಳೆ. ಆ ಮಾತಿನ ನಂತರ ಎಲ್ಲಿ ಕತ್ತರಿಸಬೇಕೆಂದು ಸಂಕಲನಕಾರರೂ ನಾನೂ ನಾಲ್ಕು ದಿನ ವಾದ ಮಾಡಿದೆವು. ಅವರು ಮಗಳ ಮುಖಕ್ಕೆ ಹೋಗೋಣ ಎಂದರು. ಮುಖ ತೋರಿಸಿದರೆ ಸಹಿ ಹಾಕುತ್ತಾಳೋ ಇಲ್ಲವೋ ಎಂಬುದನ್ನೂ ತೋರಿಸಿದಂತಾಗುತ್ತದೆ ಎಂದು ನಾನು ಬಿಡಲಿಲ್ಲ. ಕೊನೆಗೆ ಚಿತ್ರವನ್ನು ಕೈಗಳ ಮೇಲೆಯೇ ನಿಲ್ಲಿಸಿ, ತಾಯಿಯ ಕತ್ತಿಯ ಸದ್ದು ಒಂದು ಉಸಿರಿನಷ್ಟು ನಿಂತು ಮತ್ತೆ ಶುರುವಾಗುವುದನ್ನು ಕೇಳಿಸಿದೆವು. ಅದರ ಹಿಂದೆಯೇ, ತೀರ ನಿಧಾನವಾಗಿ, ಮಗಳದ್ದು.